ಅಂಗಿಗೆ ಬಂದ ಮೊಣಕೈ

ಬೀದಿಯವರು ಅವನನ್ನು ಗೆರೆಯಜ್ಜ ಎಂದು ಕರೆಯುತ್ತಿದ್ದರು. ಅವನು ಇಸ್ತ್ರಿ ಮಾಡಿಕೊಟ್ಟ ಪ್ಯಾಂಟಿನ ಗೆರೆಯ ಮೇಲೆ ಇರುವೆಯೇನಾದರೂ ನಡೆದರೆ ಕಾಲು ಕೊಯ್ದುಕೊಂಡೀತು ಎಂದು ಎದುರಿನ ಕ್ಷೌರದಂಗಡಿಯವನು ಯಾವಾಗಲೋ ಆಡಿದ ತಮಾಷೆಯಿಂದ ಹುಟ್ಟಿದ ಹೆಸರು ಅದು. ಹಳೆಯ ಮೂರಂತಸ್ತಿನ ಕಟ್ಟಡವೊಂದರ ಮೆಟ್ಟಿಲಿನ ಕೆಳಗೆ, ಬೀದಿಯ ಕಡೆಗೆ ಬಾಯ್ತೆರೆದುಕೊಂಡ ಒಂದೇ ಕೋಣೆಯ ಅಂಗಡಿ. ಅಜ್ಜ ಎದ್ದು ನಿಂತರೆ ತಲೆ ಮೆಟ್ಟಿಲಿನ ಅಡಿಗೆ ತಾಗುತ್ತಿದ್ದುದರಿಂದ ಮೂವತ್ತೆಂಟು ವರ್ಷಗಳಲ್ಲಿ ಅವನ ಕತ್ತು ಒಂದು ಪಕ್ಕಕ್ಕೆ ವಾಲಿ ಅಲ್ಲಿಯೇ ನೆಲೆಯೂರಿತ್ತು. ಬಾಗಿಲ ಬಳಿಯ ಸ್ಟೂಲಿನ ಮೇಲೆ ಅಜ್ಜಿ ಕೂರುತ್ತಿದ್ದಳು. ಗಂಟು ಬಿಚ್ಚುವುದು, ಬಟ್ಟೆಗಳಿಗೆ ಮನೆಯ ನಂಬರಿನ ಚೀಟಿ ಚುಚ್ಚುವುದು, ಬಂದವರ ಮನೆಯ ಸುದ್ದಿಯನ್ನು ಅವರು ಹೇಳುವ ಮೊದಲೇ ಕೇಳಿಬಿಡುವುದು ಅವಳ ಪಾಲಿನ ಕೆಲಸ.

ಸುದ್ದಿಯ ವಿಷಯದಲ್ಲಿ ಅಜ್ಜನೂ ಹಿಂದೆ ಬಿದ್ದವನಲ್ಲ. ಆದರೆ ಅವನು ಕಿವಿಯಿಂದಲ್ಲ, ಬೆರಳಿನಿಂದ ತಿಳಿಯುತ್ತಿದ್ದ. ತೊಳೆದು ಒಣಗಿಸಿದ ಮಾತ್ರಕ್ಕೆ ಬಟ್ಟೆ ತಾನು ಹೊತ್ತ ಮೈಯನ್ನು ಮರೆತುಬಿಡುವುದಿಲ್ಲ. ಮೊಣಕೈಯ ಬಳಿ ಒಂದು ಸಣ್ಣ ಉಬ್ಬು, ಚೀಲ ತೂಗಿದ ಹೆಗಲ ಹತ್ತಿರ ಒಂದು ಜಗ್ಗು, ಬರೆಯುವ ಕೈಯ ಪಟ್ಟಿಯಲ್ಲಿ ಒಂದು ಸವೆತ. ಕಾಯಿಸಿದ ಇಸ್ತ್ರಿಪೆಟ್ಟಿಗೆಯ ಕೆಳಗೂ ಅವು ಅರೆಗಳಿಗೆ ತಡೆದು ನಿಲ್ಲುತ್ತವೆ. ಮೂಲೆಮನೆಯ ಗುಮಾಸ್ತನ ಕೆಲಸ ಹೋದದ್ದು ಅವನ ಹೆಂಡತಿಗಿಂತ ಎರಡು ವಾರ ಮೊದಲು ಅಜ್ಜನಿಗೆ ಗೊತ್ತಾಗಿತ್ತು: ಅಂಗಿಯ ತೋಳು ಮೇಜಿಗೆ ಉಜ್ಜುವುದು ನಿಂತಿತ್ತು, ಪ್ಯಾಂಟಿನ ಹಿಂಬದಿಗೆ ಉದ್ಯಾನದ ಬೆಂಚಿನ ಹಸಿರು ಹತ್ತಿತ್ತು. ತಿಳಿದದ್ದನ್ನು ಅಜ್ಜ ಬಾಯಿಬಿಟ್ಟು ಹೇಳಲಿಲ್ಲ. ಬಟ್ಟೆ ನಂಬಿ ಕೊಟ್ಟವರ ಗುಟ್ಟು ಬಟ್ಟೆಯ ಜೊತೆಗೇ ಮಡಚಿಕೊಂಡು ಹೋಗಬೇಕು ಎಂಬುದು ಅವನ ಲೆಕ್ಕ.

ಹದಿನೇಳನೇ ನಂಬರಿನ ಮನೆಯ ಗಂಟು ಪ್ರತಿ ಬುಧವಾರ ಬರುತ್ತಿತ್ತು. ಆ ಮನೆಯ ಯಜಮಾನ ದೂರದೂರಿನ ಬಸ್ಸಿನ ಚಾಲಕ. ವಾರಕ್ಕೆ ಎರಡು ಸಲ ಬಂದು, ಉಂಡು, ಮಲಗಿ, ಹೋಗುವವನು. ಅವನ ಅಂಗಿಗಳೆಲ್ಲ ಬೆನ್ನಿನಲ್ಲಿ ಸವೆದವು. ಯಜಮಾನಿ ಹಲ್ಲಿನ ಡಾಕ್ಟರ ಬಳಿ ರೋಗಿಗಳ ಚೀಟಿ ಬರೆಯುವವಳು. ಹನ್ನೊಂದು ವರ್ಷದ ಮಗಳು ಗುಬ್ಬಿ. ಎಡಗೈಯಲ್ಲಿ ಬರೆಯುವವಳು, ಫ್ರಾಕಿನ ಎಡ ತೋಳಿನ ಅಂಚಿಗೆ ಸದಾ ಶಾಯಿ. ಇವರ ಬಟ್ಟೆಗಳ ನಡುವೆ ಐದು ವರ್ಷಗಳಿಂದ ಒಬ್ಬ ಹುಡುಗನ ಅಂಗಿಯೂ ಬರುತ್ತಿತ್ತು. ಆ ಮನೆಯಲ್ಲಿ ಹುಡುಗ ಇರಲಿಲ್ಲ.

ಇದ್ದ. ಗುಬ್ಬಿಗಿಂತ ಒಂದು ವರ್ಷಕ್ಕೆ ದೊಡ್ಡವನು. ಏಳು ತುಂಬಿದ ಮೇಲೆ ಮೂರು ದಿನದ ಜ್ವರದಲ್ಲಿ ಹೋಗಿಬಿಟ್ಟ. ಅವನು ತೊಡುತ್ತಿದ್ದ ಅಂಗಿಗಳು ಮೊದಲ ವರ್ಷವೆಲ್ಲ ಗಂಟಿನಲ್ಲಿ ಬಂದುಹೋದವು. ಬಿಡಲಾಗದ ಮನಸ್ಸು, ಪಾಪ, ಎಂದುಕೊಂಡು ಅಜ್ಜ ಅವಕ್ಕೆ ಕೂಲಿ ಹಿಡಿಯುತ್ತಿರಲಿಲ್ಲ. ಎರಡನೆಯ ವರ್ಷ ಬಂದದ್ದು ಹೊಸ ಅಂಗಿ, ಒಂದು ಅಳತೆ ದೊಡ್ಡದು. ಮೂರನೆಯ ವರ್ಷ ಇನ್ನೊಂದು ಅಳತೆ. ತಾಯಿ ಬಟ್ಟೆಯಂಗಡಿಯಲ್ಲಿ ಗುಬ್ಬಿಯನ್ನು ನಿಲ್ಲಿಸಿ, ಅವಳ ಬೆನ್ನಿಗೆ ಅಂಗಿಯನ್ನು ಹಿಡಿದು, ಎರಡು ಬೆರಳು ಹೆಚ್ಚೇ ಇರಲಿ, ಅವನು ಇವಳಿಗಿಂತ ದೊಡ್ಡವನು ತಾನೆ ಎಂದು ಹೇಳಿದಳಂತೆ. ಅಂಗಡಿಯವನು ಅದನ್ನು ಅಜ್ಜಿಗೆ ಹೇಳಿ ತಾನೇ ಮೈ ಝಾಡಿಸಿಕೊಂಡಿದ್ದ.

ಹೀಗೆ ಸತ್ತ ಹುಡುಗ ವರ್ಷಕ್ಕೊಂದು ಅಳತೆ ಬೆಳೆಯುತ್ತಿದ್ದ. ಅಂಗಿ ಬರುತ್ತಿತ್ತು, ತೊಳೆದು ಬಿಸಿಲು ಕುಡಿದದ್ದು. ಆದರೆ ಅಜ್ಜನ ಬೆರಳಿಗೆ ಅದರಲ್ಲಿ ಯಾರೂ ಸಿಗುತ್ತಿರಲಿಲ್ಲ. ಖಾಲಿ ಮನೆಯ ಬಾಗಿಲು ತಟ್ಟಿದ ಹಾಗೆ.

ತಪ್ಪು ಶುರುವಾದದ್ದು ಈ ವರ್ಷ, ಮಳೆ ನಿಂತ ಮೇಲೆ. ಒಂದು ದಿನ ಗಂಟನ್ನು ಒಯ್ಯಲು ಬಂದ ತಾಯಿ ಮೇಲಿದ್ದ ನೀಲಿ ಚೌಕಳಿಯ ಅಂಗಿಯನ್ನು ಎತ್ತಿ, ತೋಳಿನೊಳಗೆ ಕೈಯಿಟ್ಟು, ಹಾಗೇ ನಿಂತುಬಿಟ್ಟಳು. ಆಮೇಲೆ ಯಾರ ಮೇಲೂ ದೂರಿಲ್ಲದ ದನಿಯಲ್ಲಿ ಅಂದಳು:

“ಅಜ್ಜಾ, ನಿಮ್ಮ ಕೈಯಿಂದ ಎಲ್ಲರ ಬಟ್ಟೆ ಅವರವರದ್ದಾಗಿ ಬರುತ್ತೆ. ಇದೊಂದು ಮಾತ್ರ ಅಂಗಡಿಯಿಂದ ಬಂದ ಹಾಗೇ ಇರುತ್ತೆ.”

ಅಜ್ಜನಿಗೆ ಆ ಮಾತು ಎದೆಯಲ್ಲಿ ಮುಳ್ಳಾಗಿ ಕೂತಿತು. ಮುಂದಿನ ಬುಧವಾರ ಅಜ್ಜಿ ಔಷಧಿ ತರಲು ಹೋಗಿದ್ದಾಗ ಅವನು ಆ ಅಂಗಿಯನ್ನು ಮೇಜಿನ ಮೇಲೆ ಹರಡಿದ. ಒಂದು ಟವೆಲನ್ನು ಎಳೆಯ ಕೈಯ ಗಾತ್ರಕ್ಕೆ ಸುತ್ತಿ ತೋಳಿನೊಳಗೆ ತೂರಿಸಿದ. ನೀರು ಚಿಮುಕಿಸಿ, ಹಬೆಯಲ್ಲಿ ಮೆತ್ತಗೆ ಮಾಡಿ, ಮೊಣಕೈ ಬರಬೇಕಾದಲ್ಲಿ ಬಟ್ಟೆಯನ್ನು ಬೆರಳಿನಿಂದ ಉಬ್ಬಿಸಿ, ಆರುವವರೆಗೆ ಹಿಡಿದುಕೊಂಡ. ಕಾಲರನ್ನು ಹೆಬ್ಬೆರಳಿನಲ್ಲಿ ತೀಡಿ ಬಿರುಸು ಮುರಿದ. ಎರಡನೆಯ ಗುಂಡಿಯ ಕಾಜವನ್ನು ಹತ್ತು ಸಲ ಹಾಕಿ ತೆಗೆದು ಸಡಿಲಿಸಿದ. ಕೊನೆಗೆ ಮಡಚಿದಾಗ ಅದು ಒಬ್ಬ ಹುಡುಗ ಆಗ ತಾನೆ ಬಿಚ್ಚಿ ಎಸೆದು ಆಡಲು ಓಡಿದ ಅಂಗಿಯಂತಿತ್ತು. ಅಜ್ಜನಿಗೆ ತನ್ನ ಕೈಕಸುಬಿನ ಬಗ್ಗೆ ಹೆಮ್ಮೆಯೂ ಆಯಿತು, ಅಳುಕೂ ಆಯಿತು.

ಮುಂದಿನ ವಾರ ತಾಯಿ ನಗುತ್ತ ಬಂದಳು. ಐದು ವರ್ಷಗಳಲ್ಲಿ ಬೀದಿ ಅವಳ ಹಲ್ಲು ನೋಡಿದ್ದು ಅದೇ ಮೊದಲು. ಅಂಗಿಯ ಮಾತೆತ್ತಲಿಲ್ಲ, ಗಾಳಿ ತಂಪಾಯಿತು ಎಂದಳು, ಅಜ್ಜಿಯ ಮಂಡಿನೋವು ಹೇಗಿದೆ ಎಂದು ಕೇಳಿದಳು. ಒಂದೇ ಸಲ ಎಂದುಕೊಂಡಿದ್ದ ಅಜ್ಜ ಎರಡನೆಯ ಸಲವೂ ಮಾಡಿದ, ಮೂರನೆಯ ಸಲವೂ ಮಾಡಿದ. ಮೂರನೆಯ ಸಲ ಅಜ್ಜಿಯ ಕೈಗೆ ಸಿಕ್ಕಿಬಿದ್ದ.

ಅಜ್ಜಿ ಟವೆಲಿನ ಕೈಯನ್ನು ತೋಳಿನಿಂದ ಎಳೆದು ತೆಗೆದಳು. ನಲವತ್ತು ವರ್ಷದಲ್ಲಿ ನನ್ನ ಒಂದು ರವಿಕೆಯ ಸುಕ್ಕು ತೆಗೆಯೋಕೆ ನಿಮಗೆ ಪುರುಸೊತ್ತು ಇರಲಿಲ್ಲ ಎಂದು ನಗೆಯಲ್ಲೇ ಶುರುಮಾಡಿದವಳು ನಡುವೆ ನಿಲ್ಲಿಸಿ, ಅಂಗಿಯನ್ನು ನೋಡಿ, ದನಿ ತಗ್ಗಿಸಿದಳು.

“ಇಲ್ಲದ ಮಗುವಿಗೆ ಕೈ ಕೊಡ್ತಿದ್ದೀರಲ್ಲ. ಅದು ಆ ಕೈಯಲ್ಲಿ ಏನನ್ನ ಹಿಡ್ಕೊಳ್ಳತ್ತೆ ಅಂತ ಯೋಚನೆ ಮಾಡಿದ್ರಾ?”

ಅಜ್ಜ ಮಾಡಿರಲಿಲ್ಲ. ಅಂದೇ ನಿಲ್ಲಿಸಿದ. ನಾಲ್ಕನೆಯ ವಾರ ಬಂದ ಅಂಗಿ ಬೇರೆಯದು, ಹಳದಿ ಪಟ್ಟೆಯದು, ಅವನು ಮುಟ್ಟಿಯೇ ಇರದ ಹೊಚ್ಚ ಹೊಸದು. ಅದನ್ನು ಮೇಜಿನ ಮೇಲೆ ಹರಡಿ ಎಂದಿನಂತೆ ಅಂಗೈ ಸವರಿದ. ಕೈ ತಡೆಯಿತು. ಮೊಣಕೈಯ ಬಳಿ ಉಬ್ಬು ಇತ್ತು.

ಅಜ್ಜ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಬೀದಿಯ ಕಡೆ ನೋಡಿದ. ಮಧ್ಯಾಹ್ನದ ಬಿಸಿಲು, ಕ್ಷೌರದವನು ಯಾರದೋ ಕೆನ್ನೆಗೆ ನೊರೆ ಹಚ್ಚುತ್ತ ಹಾಡು ಗುನುಗುತ್ತಿದ್ದ, ಹಾಲಿನ ಕ್ಯಾನುಗಳ ಗಾಡಿ ಹಾದುಹೋಯಿತು. ಎಲ್ಲ ಇದ್ದಂತೆಯೇ ಇತ್ತು. ಮತ್ತೆ ಮುಟ್ಟಿದ. ಉಬ್ಬು ಅಲ್ಲೇ ಇತ್ತು, ಇಸ್ತ್ರಿಯ ಕೆಳಗೆ ಸೊರಗಿ, ಆರಿದ ಮೇಲೆ ಮೆಲ್ಲಗೆ ಎದ್ದು ಬಂತು. ಕಾಲರಿನ ಒಳಬದಿಯಲ್ಲಿ ಬೆವರಿನ ಮಸುಕು ಗೆರೆ. ಕೆಳಗಿನ ಗುಂಡಿಯ ದಾರ ಎಳೆದಾಡಿ ಉದ್ದವಾಗಿತ್ತು, ಯೋಚನೆ ಮಾಡುವಾಗ ಗುಂಡಿ ತಿರುಗಿಸುವ ಮಕ್ಕಳ ಅಂಗಿಯಲ್ಲಿ ಆಗುವ ಹಾಗೆ.

ಅವನು ಅಜ್ಜಿಗೆ ಹೇಳಲಿಲ್ಲ. ಮುಂದಿನ ವಾರ ಎರಡು ಅಂಗಿ ಬಂದವು, ಎರಡೂ ತೊಟ್ಟವು. ಅದರ ಮುಂದಿನ ವಾರ ಐದು. ಅವನು ಅವನ್ನು ಗಂಟಿನ ತಳದಿಂದ ಕಟ್ಟಕಡೆಗೆ ಎತ್ತಿಕೊಳ್ಳುತ್ತಿದ್ದ, ಮಲಗಿದವರ ಮೇಲಿನ ಹೊದಿಕೆ ಎಳೆಯುವವನಂತೆ. ಒಮ್ಮೆ ತೋಳಿನ ಮೇಲೆ ಕೈಯಿಟ್ಟಾಗ ಬಟ್ಟೆ ಬೆಚ್ಚಗಿತ್ತು. ಬಿಸಿಲಲ್ಲಿ ಒಣಗಿದ್ದು, ಬೆಚ್ಚಗಿರದೆ ಇನ್ನೇನು ಎಂದು ತನಗೆ ತಾನೇ ಹೇಳಿಕೊಂಡ. ಹೊರಗೆ ಮೋಡ ಕವಿದಿತ್ತು.

ತಾನು ಬೆರಳಿನಿಂದ ಬಿಡಿಸಿಟ್ಟ ಜಾಗಕ್ಕೆ ಯಾರೋ ಬಂದು ಕೂತಿದ್ದಾರೆ ಎಂಬ ಯೋಚನೆ ಅವನನ್ನು ಬಿಡಲಿಲ್ಲ. ತಾಯಿಯೋ ದಿನದಿಂದ ದಿನಕ್ಕೆ ಗೆಲುವಾಗುತ್ತಿದ್ದಳು. ತರಕಾರಿಯವಳ ಹತ್ತಿರ ನಿಂತು, ಇವನಿಗೆ ಬೀನ್ಸ್ ಸೇರಲ್ಲ, ತಟ್ಟೆ ಅಂಚಿಗೆ ತಳ್ಳಿಬಿಡ್ತಾನೆ ಎಂದಳಂತೆ. ತರಕಾರಿಯವಳು ಯಾರು ಎಂದು ಕೇಳಲು ಬಾಯಿ ತೆರೆದು, ಕೇಳದೆ, ಒಂದು ಹಿಡಿ ಹೆಚ್ಚಿಗೆ ಹಾಕಿ ಕಳಿಸಿದಳಂತೆ.

ಸತ್ಯ ಹೊರಬಂದದ್ದು ಅಜ್ಜಿಯ ಚೀಟಿಗಳಿಂದ. ಒಂದು ಬುಧವಾರ ಅವಳು ಹದಿನೇಳನೇ ನಂಬರಿನ ಗಂಟು ಬಿಚ್ಚಿ, ಎರಡೆರಡು ಸಲ ತಿರುವಿಹಾಕಿ, ಹುಬ್ಬು ಗಂಟಿಕ್ಕಿದಳು. ಗುಬ್ಬಿಯ ಫ್ರಾಕುಗಳು ಎಲ್ಲಿ ಎಂದು ಕೇಳಿದಳು. ಮೊದಲು ವಾರಕ್ಕೆ ಆರು ಬರುತ್ತಿದ್ದವು. ಆಮೇಲೆ ನಾಲ್ಕು, ಎರಡು. ಹೋದ ವಾರ ಶಾಲೆಯ ಸಮವಸ್ತ್ರ ಬಿಟ್ಟರೆ ಒಂದೂ ಇರಲಿಲ್ಲ, ಈ ವಾರವೂ ಇಲ್ಲ. ಆ ಹುಡುಗಿ ಮನೆಯಲ್ಲಿ ಏನು ಗಾಳಿ ಸುತ್ತಿಕೊಂಡು ಓಡಾಡುತ್ತಾಳೆಯೇ ಎಂದಳು.

ಅಜ್ಜ ಒಂದು ಅಂಗಿಯನ್ನು ಎತ್ತಿ ಬೀದಿಯ ಬೆಳಕಿಗೆ ಹಿಡಿದ. ಇಷ್ಟು ವಾರ ಹೆದರಿಕೆಯಿಂದ ಅವನು ಬರೇ ಮೊಣಕೈಯನ್ನು ಮುಟ್ಟಿದ್ದ. ತೋಳಿನ ತುದಿಯನ್ನು ನೋಡಿರಲಿಲ್ಲ. ಎಡ ತೋಳಿನ ಪಟ್ಟಿಯಲ್ಲಿ, ಕಿರುಬೆರಳಿನ ಕಡೆ, ತೊಳೆದರೂ ಹೋಗದ ಶಾಯಿ. ಎಡ ಮೊಣಕೈಯ ಉಬ್ಬು ಬಲದ್ದಕ್ಕಿಂತ ದೊಡ್ಡದು. ಹುಡುಗ ಬಲಗೈಯಲ್ಲಿ ಬರೆಯುತ್ತಿದ್ದವನು.

ದೆವ್ವವಲ್ಲ ಎಂದು ತಿಳಿದಾಗ ಮನಸ್ಸು ಹಗುರಾಗಬೇಕಿತ್ತು. ಆಗಲಿಲ್ಲ. ಸತ್ತವನು ಬಂದಿದ್ದಾನೆ ಎಂಬುದಕ್ಕಿಂತ ಬದುಕಿದ್ದವಳು ಹೋಗುತ್ತಿದ್ದಾಳೆ ಎಂಬುದು ಭಯಾನಕವಾಗಿ ಕಂಡಿತು. ಮತ್ತು ಅವಳು ಹೋಗುತ್ತಿದ್ದ ದಾರಿಯನ್ನು ಹಬೆ ಹಾಕಿ ಮೆತ್ತಗೆ ಮಾಡಿಟ್ಟವನು ತಾನೇ.

ಅಂದು ಗಂಟನ್ನು ತಾನೇ ಹೊತ್ತುಕೊಂಡು ಹೊರಟ. ತಾಯಿ ಕೆಲಸದಿಂದ ಬಂದಿರದ ಹೊತ್ತು ನೋಡಿಯೇ ಹೋದ. ಬಾಗಿಲು ತೆರೆದದ್ದು ಗುಬ್ಬಿ. ನೀಲಿ ಚೌಕಳಿಯ ಅಂಗಿ, ಗಂಡುಮಕ್ಕಳ ಚಡ್ಡಿ. ಸೊಂಟ ಮುಟ್ಟುತ್ತಿದ್ದ ಜಡೆ ಇರಲಿಲ್ಲ. ಕೂದಲನ್ನು ಕಿವಿಯ ಮೇಲಕ್ಕೆ, ಮನೆಯ ಕತ್ತರಿಯಲ್ಲಿ, ಏರುಪೇರಾಗಿ ಕತ್ತರಿಸಲಾಗಿತ್ತು. ಅವಳ ಹಿಂದೆ ಒಪ್ಪವಾದ ನಡುಮನೆ: ನಾಲ್ಕು ಕುರ್ಚಿಯ ಮೇಜು, ನೀರಿನ ಹೂಜಿ, ಸದ್ದು ಮಾಡುತ್ತಿದ್ದ ಗಡಿಯಾರ.

“ಗುಬ್ಬೀ, ಏನಮ್ಮಾ ಇದು,” ಅಂದ ಅಜ್ಜ.

“ಗುಬ್ಬಿ ಇನ್ನೂ ಸ್ಕೂಲಿಂದ ಬಂದಿಲ್ಲ,” ಅಂದಳು ಹುಡುಗಿ.

ಹುಡುಗಾಟವಿರಲಿಲ್ಲ ಆ ಮಾತಿನಲ್ಲಿ. ಬಂದವರಿಗೆ ವಿಷಯ ತಿಳಿಸುವ ಮನೆಯ ಮಗುವಿನ ವಿನಯವಿತ್ತು ಅಷ್ಟೆ. ಅವಳ ಪಾಟಿಚೀಲ ಅವಳ ಕಾಲ ಬಳಿಯೇ ಬಿದ್ದಿತ್ತು. ಅಜ್ಜ ಗಂಟನ್ನು ಇಳಿಸಿ ಮೆಟ್ಟಿಲ ಮೇಲೆ ಕೂತ. ಅವಳೂ ಒಂದು ಮೆಟ್ಟಿಲು ಕೆಳಗೆ ಕೂತಳು, ಕೆಳಗಿನ ಗುಂಡಿಯನ್ನು ತಿರುಗಿಸತೊಡಗಿದಳು. ಆಮೇಲೆ ಒಂದು ಬೇರೆ ದನಿ, ಅವಳದೇ ಹಳೆಯ ದನಿ, ಬಾವಿಯ ತಳದಿಂದ ಬಂದಂತೆ ಬಂತು.

“ಅಜ್ಜಾ, ಇದು ನಾನು ಅಂತ ಅಮ್ಮನಿಗೆ ಹೇಳಬೇಡಿ. ಇದನ್ನ ಹಾಕ್ಕೊಂಡಿದ್ರೆ ಅಮ್ಮ ನನ್ನ ಮುಖ ನೋಡಿ ಮಾತಾಡ್ತಾಳೆ.”

ಒಂದು ದಿನ ಅಣ್ಣನ ಅಂಗಿಯನ್ನು ಸುಮ್ಮನೆ ಹಾಕಿಕೊಂಡು ನೋಡಿದ್ದಳಂತೆ. ಮೊಣಕೈ ಮೊದಲೇ ಬಗ್ಗಿತ್ತಂತೆ, ಯಾರೋ ಒಳಗಿದ್ದು ಜಾಗ ಬಿಟ್ಟುಕೊಟ್ಟ ಹಾಗೆ. ಆಗ ಅಮ್ಮ ಬಂದಳು. ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ತಲೆ ನೇವರಿಸಿದಳು, ಹಸಿವೇನೋ ಎಂದಳು. ಐದು ವರ್ಷಗಳಲ್ಲಿ ಹಾಗೆ ಕೇಳಿರಲಿಲ್ಲ; ತಟ್ಟೆ ಇಟ್ಟು ಹೋಗುತ್ತಿದ್ದಳು. ಶುರುವಿನಲ್ಲಿ ಸಂಜೆ ಮಾತ್ರ ಇತ್ತಂತೆ. ಈಗ ಶಾಲೆಯಲ್ಲಿ ಹಾಜರಿ ಕರೆಯುವಾಗಲೂ ತನ್ನ ಹೆಸರಿಗೆ ಓಗೊಡುವುದು ಒಂದೊಂದು ಸಲ ತಡವಾಗುತ್ತದಂತೆ. ಅಪ್ಪ ನೋಡಿ ಏನೆಂದ ಎಂದು ಅಜ್ಜ ಕೇಳಿದ್ದಕ್ಕೆ, ಅಪ್ಪ ಬಂದಾಗ ಮಲಗಿರ್ತಾರಲ್ಲ ಎಂದಳು.

ಮನೆಗೆ ಬಂದು ಅಜ್ಜಿಯ ಮುಂದೆ ಎಲ್ಲವನ್ನೂ ಬಿಚ್ಚಿಟ್ಟ. ಹೇಳಿದರೆ ಆ ಮಗು ತಾಯಿಯ ಕಣ್ಣಿನಿಂದ ಮತ್ತೆ ಇಳಿದುಹೋಗುತ್ತದೆ. ಹೇಳದಿದ್ದರೆ ತಾಯಿಯ ಕಣ್ಣಿನೊಳಗೇ ಮುಳುಗಿಹೋಗುತ್ತದೆ. ಅಜ್ಜಿ ಎಂದಿನಂತೆ ಮೂದಲಿಸಲಿಲ್ಲ. ಸೂಜಿಪಿನ್ನುಗಳನ್ನು ಡಬ್ಬಿಗೆ ಹಾಕುತ್ತ, ಭಾನುವಾರ ಇಬ್ಬರೂ ಹೋಗೋಣ ಎಂದಳು. ನೀವು ಶುರುಮಾಡಿದ್ದು, ನಿಮ್ಮ ಬಾಯಿಂದಲೇ ಬರಬೇಕು. ನಾನು ನಿಮ್ಮ ಕೈ ಹಿಡಿದುಕೊಂಡಿರುತ್ತೇನೆ ಎಂದಳು.

ಭಾನುವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹದಿನೇಳನೇ ಮನೆಯ ನಡುಮನೆ ಬಿಸಿಲಿನಿಂದ ತುಂಬಿತ್ತು. ತಾಯಿ ಕಿಟಕಿಯ ಬಳಿ ಕೂತು ಒಂದು ಅಂಗಿಗೆ ಗುಂಡಿ ಹಾಕುತ್ತಿದ್ದಳು. ಹುಡುಗಿ ಗೋಡೆಗೆ ಬೆನ್ನು ಮಾಡಿ ಮೇಜಿನ ಆ ಬದಿಗೆ ಕೂತು ಶಾಲೆಯ ಪಾಠ ಬರೆಯುತ್ತಿದ್ದಳು. ಹಳದಿ ಪಟ್ಟೆಯ ಅಂಗಿ. ತಾಯಿ ಬಂದವರನ್ನು ಬಾಯಿ ತುಂಬ ಸ್ವಾಗತಿಸಿ, ಕುರ್ಚಿ ಎಳೆದು, ನೋಡಿ, ಎಷ್ಟು ಜಾಣನಾಗಿ ಕೂತು ಬರೀತಿದ್ದಾನೆ ಎಂದಳು. ಅಜ್ಜಿಯ ಬೆರಳುಗಳು ಅಜ್ಜನ ಅಂಗೈಯಲ್ಲಿ ಬಿಗಿಯಾದವು.

ಅಜ್ಜ ಕೂರಲಿಲ್ಲ. ವಾಲಿದ ಕತ್ತಿನಲ್ಲೇ ನಿಂತು ಹೇಳಿದ: ಮೊದಲ ಮೂರು ವಾರ ಅಂಗಿಗೆ ಮೊಣಕೈ ಬಂದದ್ದು ತನ್ನಿಂದ. ಟವೆಲು ಸುತ್ತಿ, ಹಬೆ ಹಾಕಿ, ಬೆರಳಿನಲ್ಲಿ ಉಬ್ಬಿಸಿದ್ದು. ಕರುಣೆ ಎಂದುಕೊಂಡು ಮಾಡಿದ್ದು, ಮಾಡಬಾರದಿತ್ತು.

ತಾಯಿ ದಾರವನ್ನು ಹಲ್ಲಿನಿಂದ ಕಡಿದಳು. ಮುಖದಲ್ಲಿ ಆಶ್ಚರ್ಯವಿರಲಿಲ್ಲ.

“ಗೊತ್ತು ಅಜ್ಜಾ. ಅವತ್ತೇ ಗೊತ್ತಾಯ್ತು. ಎರಡು ಮೊಣಕೈನೂ ಒಂದೇ ಸಮ ಇತ್ತು. ಯಾರ ಕೈ ಹಾಗಿರುತ್ತೆ? ಆದ್ರೂ ಚೆನ್ನಾಗಿತ್ತು. ಆಮೇಲಿಂದ ಅವನೇ ಹಾಕ್ಕೋತಿದ್ದಾನಲ್ಲ, ಇನ್ನು ನೀವು ಕಷ್ಟಪಡೋದು ಬೇಡ.”

ಗಡಿಯಾರ ಸದ್ದು ಮಾಡುತ್ತಿತ್ತು. ಮೇಜಿನ ಆಚೆ ಪೆನ್ನು ಕಾಗದದ ಮೇಲೆ ಸರಸರನೆ ಓಡುತ್ತಿತ್ತು. ಅಜ್ಜ ಜೀವಮಾನದಲ್ಲಿ ಮೊದಲ ಸಲ, ಬಟ್ಟೆಯಿಂದ ತಿಳಿದುಕೊಂಡ ಗುಟ್ಟೊಂದನ್ನು ಬಟ್ಟೆ ಕೊಟ್ಟವರ ಮುಂದೆ ಬಾಯಿಬಿಟ್ಟು ಆಡಿದ.

“ಅವನು ಬಲಗೈಲಿ ಬರೀತಿದ್ದ, ತಾಯಿ. ಅಂಗಿಯ ಶಾಯಿ ಎಡಗೈದು. ಆ ಕಡೆ ನೋಡಮ್ಮ, ಬರೀತಿರೋದು ಯಾವ ಕೈ.”

ಪೆನ್ನಿನ ಸದ್ದು ನಿಂತಿತು.

ತಾಯಿ ನೋಡಿದಳು. ಅಜ್ಜನೂ ಅಜ್ಜಿಯೂ ನೋಡಿದರು. ಹುಡುಗಿ ತಲೆ ಎತ್ತಲಿಲ್ಲ. ಎಡಗೈಯಲ್ಲಿದ್ದ ಪೆನ್ನನ್ನು ಒಂದು ಗಳಿಗೆ ದಿಟ್ಟಿಸಿದಳು. ಆಮೇಲೆ ಅದನ್ನು ನಿಧಾನವಾಗಿ, ತಪ್ಪು ತಿದ್ದಿಕೊಳ್ಳುವ ಒಳ್ಳೆಯ ಮಗುವಿನಂತೆ, ಬಲಗೈಗೆ ಬದಲಾಯಿಸಿಕೊಂಡಳು. ಮತ್ತೆ ಬರೆಯತೊಡಗಿದಳು. ಅಕ್ಷರಗಳು ನಡೆಯಲು ಕಲಿಯುವ ಕೂಸಿನ ಹಾಗೆ ಗೆರೆಯಿಂದ ಹೊರಗೆ ಬಿದ್ದೆದ್ದು ಸಾಗಿದವು. ಅವಳ ನಾಲಗೆಯ ತುದಿ ತುಟಿಯ ನಡುವೆ ಇಣುಕಿತು. ಕಿವಿಯ ಮೇಲಿನ ಏರುಪೇರು ಕೂದಲಿನ ಕೆಳಗೆ ಕತ್ತಿನ ನರ ಬಿಗಿದು ನಿಂತಿತು. ಎಡಗೈ ಮೇಜಿನ ಮೇಲೆ ಅಂಗಾತ ಬಿದ್ದಿತ್ತು, ಯಾರೋ ಮರೆತುಬಿಟ್ಟು ಹೋದ ಕೈಚೀಲದ ಹಾಗೆ.

ತಾಯಿಯ ತೊಡೆಯ ಮೇಲಿನ ಅಂಗಿ ಜಾರಿ ನೆಲಕ್ಕೆ ಬಿತ್ತು. ಅವಳ ಬಾಯಿ ಏನೋ ಹುಡುಕುವಂತೆ ಎರಡು ಮೂರು ಸಲ ತೆರೆದು ಮುಚ್ಚಿತು. ಬಳಸದೆ ಬಿಟ್ಟ ಹೆಸರು ಗಂಟಲಿನಲ್ಲಿ ತುಕ್ಕು ಹಿಡಿದಿತ್ತೋ ಏನೋ, ಮೊದಲ ಸಲ ಬರೇ ಉಸಿರು ಬಂತು. ಆಮೇಲೆ ದನಿ ಬಂತು.

“ಗುಬ್ಬೀ.”

ಪೆನ್ನು ನಿಲ್ಲಲಿಲ್ಲ.

ತಾಯಿ ಎದ್ದಳು. ಕುರ್ಚಿಯ ಅಂಚು ಹಿಡಿದು ಮೇಜನ್ನು ಸುತ್ತಿ ಬಂದಳು. ಇನ್ನೊಮ್ಮೆ ಕರೆದಳು, ಗಟ್ಟಿಯಾಗಿ, ಬೀದಿಯಲ್ಲಿ ಆಡುತ್ತಿರುವ ಮಗುವನ್ನು ಮನೆಗೆ ಕರೆಯುವ ಹಾಗೆ. ಹುಡುಗಿ ಒಂದು ಅಕ್ಷರ ಮುಗಿಸಿ ಮುಂದಿನದಕ್ಕೆ ಹೋದಳು. ಬೇರೆ ಯಾರನ್ನೋ ಕರೆಯುತ್ತಿರುವಾಗ ನಡುವೆ ಬಾಯಿ ಹಾಕದೆ ಇರುವುದನ್ನು ಅವಳಿಗೆ ಯಾರೋ ಚೆನ್ನಾಗಿ ಕಲಿಸಿದ್ದರು.

ಮೂರನೆಯ ಕೂಗಿಗೆ ಹುಡುಗಿ ತಲೆ ಎತ್ತಿದಳು. ತಾಯಿಯ ಕಡೆಗಲ್ಲ. ಮೊದಲು ಹಿಂದಕ್ಕೆ ತಿರುಗಿ, ಬರಿಗೋಡೆಯ ಉದ್ದಕ್ಕೂ ಕಣ್ಣಾಡಿಸಿ, ಕರೆದದ್ದು ಯಾರನ್ನು ಎಂದು ನೋಡಿದಳು.

ತಾಯಿ ಅವಳ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು, ಮೇಜಿನ ಮೇಲೆ ಬಿದ್ದಿದ್ದ ಎಡಗೈಯನ್ನು ಎರಡೂ ಅಂಗೈಗಳ ನಡುವೆ ಎತ್ತಿಕೊಂಡಳು, ಮತ್ತು ನಾಲ್ಕನೆಯ ಸಲ ಕರೆದಳು.